ನಮ್ಮ ಮನಿ ಮ್ಯಾಲೆ ಹಾದು ಹೋದವರು

ಸೆಪ್ಟೆಂಬರ್ 19, ಸೋಮವಾರ. ಮುಂಜಾನೆ 7.40

ಎರಡನೇ ಸಲದ ಚಹಾ. ಇವರು ಆಗಲೇ ಲ್ಯಾಪ್‌ಟಾಪ್ ಮುಂದ — ಮ್ಯಾಲೆ ಇಸ್ತ್ರಿ ಅಂಗಿ, ಕೆಳಗ ಪೈಜಾಮ. ಎರಡೂವರಿ ವರ್ಷಾತು, ಮನಿನ ಆಫೀಸು. ಕಾಲ್ ನಡದಾಗ ಮಿಕ್ಸರ್ ಹಚ್ಚಬಾರದು. ಕುಕ್ಕರ್ ಸೀಟಿ ಹೊಡಿಬಾರದು. ಅದಕ್ಕ ಚಟ್ನಿ ಏಳರೊಳಗ. ವಿಮಾನಕ್ಕ ಮಾತ್ರ ಯಾರೂ ಏನೂ ಅನ್ನಂಗಿಲ್ಲ. ಅದು ತಲಿ ಮ್ಯಾಲೆ ಹಾದು ಹೋಗೂತನಾ ಇವರು ಮೈಕ್ ಬಂದ್ ಮಾಡಿ ಸುಮ್ನ ಕೂಡ್ತಾರ.

ಪರಸ್ತೂ ನಾಷ್ಟಾಕ್ಕ ಬಂದು ಕೂತ್ಲು. ತಿನ್ನಲಿಲ್ಲ. ತಾಟಿನ ಬಾಜೂಕ ಫೋನು. ಈ ಹುಡುಗಿ ನಮ್ಮ ಮನ್ಯಾಗ ಇರ್ಲಿಕ್ಕತ್ತಿ ಹದಿನಾಲ್ಕು ತಿಂಗಳು. ಇರಾನಿನಾಕಿ, ರಶ್ತ್ ಅಂತ ಊರು. ಇಲ್ಲೆ ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್. ಪ್ರಾಚಿ ನಾಗಪುರಕ್ಕ ಕಲೀಲಿಕ್ಕೆ ಹೋದ ಮ್ಯಾಲೆ ಮಗಳ ಖೋಲಿ ಆಕಿಗೆ ಕೊಟ್ಟೇವಿ. ಮೊದಲನೇ ತಿಂಗಳು ಖಾರಕ್ಕ ಅಳತಿದ್ಲು. ಈಗ ಚಟ್ನಿ ಬೇಡತಾಳ. ಇವತ್ತ ಬೇಡಲಿಲ್ಲ.

"ಊರಲ್ಲಿ ಗಲಾಟೆ, ಆಂಟಿ" ಅಂದ್ಲು. ನಮ್ಮ ಮಾತೆಲ್ಲ ಇಂಗ್ಲಿಷ್‌ನಾಗ. ತಲಿ ಮ್ಯಾಲಿನ ಅರಿವಿ ಸರಿ ಇಲ್ಲಂತ ಹಿಡದ ಹುಡುಗಿ ಪೊಲೀಸರ ಕೈಯಾಗ ಇದ್ದಾಗ ಸತ್ತಳಂತ. ಪರಸ್ತೂನ ತಂಗಿ ಮಾನಾ, ಹತ್ತೊಂಬತ್ತು ವರ್ಷದಾಕಿ, ದಿನಾ ಸಂಜಿಕೆ ಮಂದಿ ಜೋಡಿ ಘೋಷಣಾ ಕೂಗ್ಲಿಕ್ಕೆ ರಸ್ತಾಕ್ಕ ಇಳೀತಾಳಂತ.

"ಹೋಗಬೇಡ ಅಂತ ಹೇಳವಾ" ಅಂದೆ.

"ನಾನಿದ್ದರೆ ನಾನೂ ಹೋಗ್ತಿದ್ದೆ" ಅಂದ್ಲು. ತಾಟು ಹಂಗೇ ಬಿಟ್ಟು ಎದ್ಲು.


ಸೆಪ್ಟೆಂಬರ್ 24, ಶನಿವಾರ

ಎರಡು ದಿನಾತು, ಮಾನಾನ ಸುದ್ದಿ ಇಲ್ಲ. ಪರಸ್ತೂ ಕಳಿಸಿದ ಮೆಸೇಜಿನ ಕೆಳಗ ಒಂದೇ ಟಿಕ್. ಹದಿನೇಳು ಮೆಸೇಜು, ಹದಿನೇಳು ಒಂಟಿ ಟಿಕ್. ತೋರಿಸಿದ್ಲು.

"ಫೋನ್ ಕೆಟ್ಟಿರಬೇಕು" ಅಂದೆ. ಏನರ ಅನ್ನಬೇಕಲ್ಲ.

"ಫೋನ್ ಕೆಟ್ಟಿಲ್ಲ. ಸರಕಾರ ಬಾಗಿಲು ಹಾಕಿದೆ. ವಾಟ್ಸಾಪ್ ಇಲ್ಲ, ಇನ್‌ಸ್ಟಾಗ್ರಾಂ ಇಲ್ಲ. ಸುತ್ತಿ ಬಳಸಿ ಬರಬೇಕು. ಆ ದಾರಿನೂ ಒಂದೊಂದಾಗಿ ಮುಚ್ಚುತ್ತಿದ್ದಾರೆ."

ಲೈಬ್ರರ್‍ಯಾಗ ದೇವಾನಂದನ್ನ ಕೇಳಿದೆ. ನಾ ಲೈಬ್ರರಿಯನ್ ಆಗಿರೋ ಕಾಲೇಜಿನ ಕಂಪ್ಯೂಟರ್ ಎಲ್ಲಾ ನೋಡಕೊಳ್ಳಾಂವ, ಬೀದರದಂವ. ನನಗ ಹೊಸಾ ಕ್ಯಾಟಲಾಗ್ ಕಲಿಸಿದಂವನೂ ಇವನ.

"ಅದಕ್ಕ ದಾರಿ ಅದಾವ್ರಿ ಮೇಡಂ" ಅಂದ. "ನಿಮ್ಮ ಬ್ರೌಸರಿಗಿ ಸಣ್ಣದೊಂದು ಎಕ್ಸ್‌ಟೆನ್ಶನ್ ಹಾಕ್ರಿ. ಅಲ್ಲಿ ಬಾಗಿಲು ಬಂದ್ ಆದವರು ನಿಮ್ಮ ಮನಿ ಲೈನಿನ ಮ್ಯಾಲೆ ಹಾದು ಹೊರಗ ಬರ್ತಾರ. ಇಲ್ಲಿಂದ ಬೀದರಿಗಿ ಹೋಗೋ ಮಂದಿ ಸೋಲಾಪುರ ಮ್ಯಾಲೆ ಹಾದು ಹೋಗಲ್ಲೇನ್ರಿ, ಹಂಗ."

"ಅವರು ಯಾರು, ಏನು ನೋಡ್ತಾರ, ನನಗ ಕಾಣ್ತದೇನು?"

"ಕಾಣಲ್ರಿ. ನಿಮ್ಮ ಹೆಸರು ಅವರಿಗಿ ಗೊತ್ತಾಗಲ್ಲ, ಅವರ ಹೆಸರು ನಿಮಗ ಗೊತ್ತಾಗಲ್ಲ. ಒಟ್ಟ ಎಷ್ಟು ಮಂದಿ ಹೋದ್ರು, ಅಷ್ಟೇ."


ಸೆಪ್ಟೆಂಬರ್ 26, ಸೋಮವಾರ. ಸಂಜಿ

ಹಾಕಿದೆ. ಮೂರು ನಿಮಿಷದ ಕೆಲಸ. ಬ್ರೌಸರಿನ ಮೂಲ್ಯಾಗ ಒಂದು ಚಿತ್ರ. ಅದನ್ನ ಒತ್ತಿದ್ರ ಸಂಖ್ಯಾ ಬರ್ತದ — ಹಿಂದಿನ ಇಪ್ಪತ್ನಾಲ್ಕು ತಾಸಿನ್ಯಾಗ ಎಷ್ಟು ಮಂದಿ ಅಂತ.

ಸೊನ್ನೆ. ಸೊನ್ನೆ. ಅನ್ನಕ್ಕಿಟ್ಟು ಬಂದೆ. ಸೊನ್ನೆ.

ಏಳಕ್ಕ — 1.

ಯಾರೋ. ಹೆಣ್ಣೋ ಗಂಡೋ. ಏನು ಓದಿದ್ರೋ. ಅಡಗಿ ಮನಿಗೆ ಹೋಗಿ ಮತ್ತ ಬಂದೆ. 3.

ಪರಸ್ತೂಗ ಹೇಳಲಿಲ್ಲ. ಆಶಾ ಹಚ್ಚಬಾರದು. ಮಾನಾ ನನ್ನ ದಾರಿಲೇ ಬರ್ತಾಳಂತ ಏನು ಖಾತ್ರಿ. ಲಕ್ಷಗಟ್ಟಲೆ ಮಂದಿ, ಸಾವಿರಗಟ್ಟಲೆ ದಾರಿ.

ಇವರಿಗೂ ಹೇಳಲಿಲ್ಲ. ಯಾಕ ಹೇಳಲಿಲ್ಲ... ನಾಳೆ ಹೇಳಿದ್ರಾತು.


ಸೆಪ್ಟೆಂಬರ್ 28, ಬುಧವಾರ

41.

ಲೈಬ್ರರ್‍ಯಾಗ ಕೂತ್ರೂ ಮನಸ್ಸು ಮನಿ ಲ್ಯಾಪ್‌ಟಾಪಿನ ಮ್ಯಾಲೆ. ಕೆಲಸದ ತಿಪ್ಪವ್ವ ಕಸ ಹೊಡಿವಾಗ ವೈರ್ ಎಳದ್ರ? ಫೋನ್ ಮಾಡಿ ಹೇಳಿದೆ, ಟೇಬಲ್ ಕೆಳಗ ಕಸಬರಿಗಿ ಹಾಕಬ್ಯಾಡ ಅಂತ. "ಯಾಕ್ರಿ ಅಕ್ಕಾರ, ಹಾವು ಹೊಕ್ಕದೇನು" ಅಂದ್ಲು.

ಯಾಕ ಇಷ್ಟು ತಳಮಳ ಅಂತ ನನಗ ನಾನೇ ಕೇಳಿಕೊಂಡೆ. ಇಲ್ಲೆ ಬರೀಬಹುದು, ಇದನ್ನ ಯಾರೂ ಓದಂಗಿಲ್ಲ.

ಇಪ್ಪತ್ಮೂರು ವರ್ಷದ ಹಿಂದ, ಹುಬ್ಬಳ್ಳಿ ಕಾಲೇಜು. ನನ್ನ ಮೊದಲನೇ ನೌಕರಿ. ಅಂಬಾ ಅಂತ ಒಬ್ಬ ಹುಡುಗಿ, ಕಿಟಕಿ ಬಾಜೂಕ ಕೂತು ಓದಾಕಿ. ಒಂದಿನ ಆಕಿ ತಂದಿ ಬಂದ್ರು. ಭಾಳ ಮರ್ಯಾದಸ್ಥರು. "ನಮ್ಮ ಹುಡುಗಿ ಯಾವ ಯಾವ ಪುಸ್ತಕ ಒಯ್ತಾಳ, ಒಂಚೂರು ನೋಡಬಹುದೇನ್ರಿ" ಅಂದ್ರು. ಕಾರ್ಡ್ ತಗದು ಕೊಟ್ಟೆ. ಅವರು ಪುಸ್ತಕದ ಹೆಸರು ನೋಡಲೇ ಇಲ್ಲ. ತಾರೀಖು ನೋಡಿದ್ರು. ಎಲ್ಲಾ ಶನಿವಾರ. ಶನಿವಾರ ಆಕಿಗೆ ಕ್ಲಾಸ್ ಇರಲಿಲ್ಲ, ಮನ್ಯಾಗ ಕ್ಲಾಸ್ ಅಂತ ಹೇಳಿ ಬರ್ತಿದ್ಲಂತ.

ಥ್ಯಾಂಕ್ಸ್ ಹೇಳಿ ಹೋದ್ರು. ಆಮ್ಯಾಲೆ ಅಂಬಾ ಕಾಲೇಜಿಗೇ ಬರಲಿಲ್ಲ. ಮೂರು ಪುಸ್ತಕ ಆಕಿ ಅಣ್ಣ ತಂದು ಕೊಟ್ಟ. ನಾ ಏನೂ ಕೇಳಲಿಲ್ಲ. ರಿಜಿಸ್ಟರಿನ್ಯಾಗ "ವಾಪಸ್" ಅಂತ ಬರದೆ.


ಅಕ್ಟೋಬರ್ 2, ಭಾನುವಾರ

ಲ್ಯಾಪ್‌ಟಾಪ್ ಮುಚ್ಚಿದ್ರ ದಾರಿನೂ ಮುಚ್ಚತದ. ಕಾಲೇಜಿಗೆ ಒಯ್ದ್ರ ಇಡೀ ದಿನ ಬಂದ್. ನಿನ್ನೆ ದೇವಾನಂದನ್ನ ಕೇಳಿದೆ. ಹಳೇ ಕಂಪ್ಯೂಟರ್ ಒಂದು ಹಗಲು ರಾತ್ರಿ ಚಾಲೂ ಇಟ್ರ ಇನ್ನೂ ದೊಡ್ಡ ದಾರಿ ಆಗ್ತದಂತ. ಆದ್ರ ಮನಿ ಲೈನಿಗೆ ಖಾಯಂ ನಂಬರ್, ಇಂಟರ್ನೆಟ್ಟಿನ ವಿಳಾಸ ಇದ್ದಂಗ, ಇರಬೇಕಂತ. ನಮ್ಮ ಲೈನಿಗೆ ಅದ. ಇವರ ಆಫೀಸಿನವರೇ ಬೇಕಂದಿದ್ರು — ಆ ನಂಬರಿನಿಂದ ಬಂದ್ರ ಅಷ್ಟ ಇವರಿಗೆ ಒಳಗ ಬಿಡ್ತಾರ.

ದೇವಾನಂದ ಎರಡು ಹಾಳಿ ಬರಕೊಟ್ಟ. ಯಾವ ಸಾಲಿನ ಮ್ಯಾಲೆ ಯಾವುದು ಟೈಪ್ ಮಾಡೂದು ಅಂತ. ಆಮ್ಯಾಲೆ ಕನ್ನಡಕ ತಗದು ಒರಸಕೋತ ಕೇಳಿದ:

"ಮನೋಹರ ಸಾಹೇಬ್ರಿಗಿ ಕೇಳೀರಿ ಅಲ್ರಿ, ಮೇಡಂ?"

"ಹೂಂ" ಅಂದೆ.

ಕೇಳಿಲ್ಲ. ಕೇಳಿದ್ರ ಬ್ಯಾಡ ಅಂತಾರ. ಇವರು ಹಾಲಿನ ಪಾಕೀಟಿನ ಮ್ಯಾಲಿನ ಸಣ್ಣಕ್ಷರ ಸೈತ ಓದೋ ಮನಷ್ಯಾ. ಬ್ಯಾಡ ಅಂದ ಮ್ಯಾಲೆ ಮಾಡಿದ್ರ ಮೋಸ. ಕೇಳದ ಮಾಡಿದ್ರ... ಅದಕ್ಕ ಇನ್ನೂ ಹೆಸರಿಲ್ಲ.

ಪ್ರಾಚಿ ಬಿಟ್ಟು ಹೋದ ಹಳೇ ಲ್ಯಾಪ್‌ಟಾಪು ಹೊಲಿಗಿ ಮಶೀನಿನ ಹಿಂದ ಇಟ್ಟೆ. ಮ್ಯಾಲೆ ರವಕಿ ಅರಿವಿ. ಇವರು ಮಧ್ಯಾಹ್ನ ಮಲಕೊಂಡಾಗ ಎಲ್ಲಾ ಸಾಲು ಹೊಡದೆ. ಚಾಲೂ ಆತು. ಸಣ್ಣಾಕಿದ್ದಾಗ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದಾಗಿನ ಗತೆ, ಬಾಗಿಲ ಕಡೆ ಒಮ್ಮೆ ನೋಡಿದೆ.


ಅಕ್ಟೋಬರ್ 5, ಬುಧವಾರ. ದಸರಾ

ತಿಪ್ಪವ್ವ ರಜಾ. ಗಂಡ ದುಡಿಯೋ ಸೈಟಿನ ಮಂದಿ ಜೋಡಿ ಜೇಜುರಿಗೆ ಹೋಗ್ಯಾಳ, ಖಂಡೋಬಾನ ಪಾಲಕಿ ನೋಡ್ಲಿಕ್ಕೆ. ಭಾಂಡಿ ನಾನೇ.

ಪರಸ್ತೂ ತಾನಾಗೇ ಬಂದು ಬಾಜೂಕ ನಿಂತು ಒರಸಿದ್ಲು. ಸಣ್ಣಾಗ್ಯಾಳ. ಅವರ ಅವ್ವ ಒಮ್ಮೆ ಫೋನ್ ಹಚ್ಚಿದ್ರಂತ, ನಲವತ್ತು ಸೆಕೆಂಡು. ಮಾನಾ ಎಲ್ಲಿದ್ದಾಳ ಅಂದ್ರ "ಅತ್ತೆ ಮನೆಯಲ್ಲಿ" ಅಂದ್ರಂತ.

"ಅಂದ್ರ ಆರಾಮ ಅದಾಳಲಾ" ಅಂದೆ.

"ನಮಗೆ ಅತ್ತೆ ಇಲ್ಲ, ಆಂಟಿ."

ನಳ ಬಂದ್ ಮಾಡಿದೆ. ಫೋನ್ ಯಾರೋ ಕೇಳ್ತಿರ್ತಾರ ಅಂತ ತಾಯಿ ಹಂಗಂದದ್ದು. ಹಿಡದಾರೋ, ಬಚ್ಚಿಟ್ಟಾರೋ — ಎರಡಕ್ಕೂ ಒಂದೇ ಉತ್ತರ.

ಸಂಜಿಕೆ ಆಕಿಗೆ ಬನ್ನಿ ಕೊಟ್ಟೆ. ಇವರೂ ಕೊಟ್ರು, ತಲಿ ಮ್ಯಾಲೆ ಕೈ ಇಟ್ರು. ಇವರು ಹಂಗೆಲ್ಲಾ ಯಾರ ತಲಿ ಮ್ಯಾಲೂ ಕೈ ಇಡೂದಿಲ್ಲ.


ಅಕ್ಟೋಬರ್ 10, ಸೋಮವಾರ

ಇವರಿಗೆ ಮುಂಜಾನಿಂದ ಆಫೀಸಿನ ಒಳಗ ಹೋಗ್ಲಿಕ್ಕೆ ಬರವಲ್ದು. ಪಾಸ್‌ವರ್ಡ್ ಸರಿ ಅದ, ಒಳಗ ಬಿಡವಲ್ದು. ಹೆಲ್ಪ್‌ಡೆಸ್ಕಿಗೆ ಆರು ಸಲ ಫೋನು. ಒಂಬತ್ತೂವರಿ ಮೀಟಿಂಗ್ ತಪ್ಪಿತು. ಇವರ ಕಂಪನಿ ಒಂದು ಬ್ಯಾಂಕಿನ ಕೆಲಸ ಮಾಡತದ, ಅವರು ಭಾಳ ಬಿಗಿ.

"ರೌಟರ್ ಬಂದ್ ಮಾಡಿ ಚಾಲೂ ಮಾಡ್ರಿ" ಅಂದೆ. ಮಾಡಿದ್ರು. ಏನೂ ಆಗಲಿಲ್ಲ.

ನಾ ಹೊಲಿಗಿ ಮಶೀನಿನ ಕಡೆ ನೋಡಲಿಲ್ಲ.


ಅಕ್ಟೋಬರ್ 11, ಮಂಗಳವಾರ. ಮಧ್ಯಾಹ್ನ 2.15

ಮೇಲ್ ಬಂತು. ಇವರು ಎರಡು ಸಲ ಗಟ್ಟಿಯಾಗಿ ಓದಿದ್ರು. ನಿಮ್ಮ ಮನಿ ಲೈನಿನ ನಂಬರು, ಗುರುತು ಮರೆಸೋ ಜಾಲದ ಬಹಿರಂಗ ಪಟ್ಟಿಯೊಳಗ ಅದ. ವಿವರಣಾ ಕೊಡ್ರಿ. ಅಲ್ಲೀ ತನಾ ಕೆಲಸ ಬಂದ್.

ಬಹಿರಂಗ ಪಟ್ಟಿ. ದೇವಾನಂದ ಹಂಗ ಅಂದಿರಲಿಲ್ಲ. ಹಾಳಿ ತಗದು ನೋಡಿದೆ, ಸಂಡಾಸಿನ್ಯಾಗ ನಿಂತು. ಎರಡನೇ ಹಾಳಿ ಮ್ಯಾಲೆ, ಕಡೀಕ, ಒಂದು ಸಾಲು — "ಇದು ಬಿಡಬ್ಯಾಡ್ರಿ, ಇದು ಇದ್ರ ಪಟ್ಟಿಗಿ ಹೆಸರು ಬರಲ್ಲ." ಕೆಳಗ ಗೆರಿ ಸೈತ ಎಳದಾನ. ನಾ ಬಿಟ್ಟೀನಿ. ಇಪ್ಪತ್ತು ವರ್ಷ ಕ್ಯಾಟಲಾಗ್ ಮಾಡಿದಾಕಿ, ಒಂದು ಸಾಲು ಬಿಟ್ಟೀನಿ.

ಹೊರಗ ಬಂದಾಗ ಇವರು ಕುರ್ಚಿ ಮ್ಯಾಲೆ ಕೂತಿದ್ರು. ಮುಖ ಬೂದಿ ಆಗಿತ್ತು.

"ನಾನಂತೂ ಮಾಡಿಲ್ಲ. ನಿನಗಂತೂ ಇದೆಲ್ಲ ಗೊತ್ತಿಲ್ಲ" ಅಂದ್ರು. ಸಾವಕಾಶ, ಲೆಕ್ಕ ಬಿಡಿಸಿದಂಗ. "ಉಳದಾಕಿ ಒಬ್ಬಾಕಿನ."

ಆವಾಗ ಹೇಳಬೇಕಿತ್ತು. ಬಾಯಿ ತಗದೆ. ವಿಮಾನ ಬಂತು. ಅದು ಹೋಗೂತನಾ ಇಬ್ಬರೂ ಸುಮ್ನಿದ್ವಿ. ಆಮ್ಯಾಲೆ ನಾ ಬಾಯಿ ಮುಚ್ಚಿದ್ದೆ.

ಇವರು ಖುದ್ದ ಮಾತಾಡ್ಲಿಕ್ಕೆ ಆಫೀಸಿಗೆ ಹೋದ ಮ್ಯಾಲೆ ಹಳೇ ಲ್ಯಾಪ್‌ಟಾಪ್ ಬಂದ್ ಮಾಡಿದೆ. ನನ್ನದರಾಗಿನ ಎಕ್ಸ್‌ಟೆನ್ಶನ್ನೂ ತಗದೆ. ಕಡೀ ಸಲ ನೋಡಿದಾಗ 63 ಇತ್ತು. 63 ಮಂದಿ ಅರ್ಧಾ ದಾರಿಗೆ ಎಲ್ಲಿ ನಿಂತ್ರೋ.


ಅಕ್ಟೋಬರ್ 12, ಬುಧವಾರ

ಸಂಜಿಕೆ ಇವರು ಪರಸ್ತೂನ ಕರದು ಕೂಡಿಸಿದ್ರು. ಚಹಾ ಮಾಡು ಅಂದ್ರು ನನಗ. ಸಿಟ್ಟಿಗೇಳಲಿಲ್ಲ. ಇವರು ಸಿಟ್ಟಿಗೆದ್ದಿದ್ರ ಚೊಲೋ ಇತ್ತು.

"ನಿನ್ನ ಕಷ್ಟ ನನಗ ಗೊತ್ತಾಗ್ತದ ಬೇಟಾ. ತಂಗಿ ಸಲುವಾಗಿ ಏನರ ಮಾಡಿರ್ತಿ. ಆದ್ರ ನಮ್ಮ ಲೈನಿನ ಮ್ಯಾಲೆ ಏನರ ಹಾಕೀಯೇನು? ಖರೇ ಹೇಳು."

ಆಕಿ ಇವರ ಮುಖ ನೋಡಿದ್ಲು. ಆಮ್ಯಾಲೆ ನನ್ನ ಕಡೆ. ಭಾಳ ಹೊತ್ತಲ್ಲ, ಚಹಾದ ಕಪ್ಪು ಕೆಳಗ ಇಡೋ ಅಷ್ಟು.

"ಹೌದು ಅಂಕಲ್" ಅಂದ್ಲು. "ಸಾರಿ. ತೆಗೆದುಬಿಡುತ್ತೇನೆ."

ನಾ ಚಹಾದ ತಾಟು ಹಿಡಕೊಂಡು ಬಾಗಿಲ ಬಾಜೂಕ ನಿಂತಿದ್ದೆ.

ಇವರು ಉಸಿರು ಬಿಟ್ರು. ಆಫೀಸಿನವರು ಕೇಳ್ತಾರ, ಆಕಿ ಇಲ್ಲೇ ಇದ್ರ ಏನು ಹೇಳಲಿ, ಈ ತಿಂಗಳ ಮುಗಿಯೂದ್ರೊಳಗ ಬ್ಯಾರೆ ಕಡೆ ನೋಡಕೋ ಅಂದ್ರು. ಹೇಳುವಾಗ ಆಕಿ ಮುಖ ನೋಡಲಿಲ್ಲ.

"ನಾಳೆಯೇ ಹೋಗುತ್ತೇನೆ. ಕೋಂಢ್ವಾ ಏರಿಯಾದಲ್ಲಿ ನಮ್ಮೂರ ಹುಡುಗಿಯರಿದ್ದಾರೆ."

ಅಂದ್ರ ಆಕಿನೂ ಏನರ ಹಾಕಿದ್ಲೇನು? ಹಾಕಿರಬೇಕು. ಇಲ್ಲಂದ್ರ ಯಾಕ ಹೌದಂತಾಳ. ಇಬ್ಬರೂ ಹಾಕಿದ್ವಿ, ಯಾರದರಿಂದ ಆತೋ ಯಾರಿಗೆ ಗೊತ್ತು.

ಹಿಂಗ ಬರದು ಓದಿಕೊಂಡೆ. ಅಕ್ಷರ ದುಂಡಗ ಬಂದಾವ, ಸುಳ್ಳಿಗೆ ಬರೂ ಹಂಗ.


ಅಕ್ಟೋಬರ್ 16, ಭಾನುವಾರ

ಮೂರು ದಿನ ಬರೀಲಿಲ್ಲ.

ಹೋದಳು. ಗುರುವಾರ, ಹನ್ನೊಂದಕ್ಕ. ಒಂದು ಸೂಟ್‌ಕೇಸು, ಒಂದು ಹೊದಿಕಿ, ಪುಸ್ತಕದ ಚೀಲ. ನಾ ಕಾಲೇಜಿಗೆ ಹೋಗಿದ್ದೆ. ರಜಾ ಹಾಕಬಹುದಿತ್ತು. ಹಾಕಲಿಲ್ಲ.

ತಿಪ್ಪವ್ವ ಸಾಮಾನು ಕೆಳಗ ಒಯ್ದು ಕೊಟ್ಟಾಳ. ಇವತ್ತ ನೆಲಾ ಒರಸಕೋತ ಅಂದ್ಲು:

"ಆ ಹುಡುಗಿ ಏನ್ ಮಾಡ್ಯಾಳ್ರಿ ಅಕ್ಕಾರ? ಕಳವು ಮಾಡ್ಯಾಳೇನು?"

"ಇಲ್ಲ."

"ಮತ್ತ ಹಂಗ್ಯಾಕ ಹೋದಳು, ಕಳ್ಳರ ಗತೆ ತಲಿ ತಗ್ಗಿಸಿ. ಆಟೋದಾಗ ಕುಂತು ಅಳ್ಲಾಕತ್ತಿದ್ಳು. ನಾ ನಿಮಗ ಫೋನ್ ಹಚ್ಚತೀನಿ ಅಂದ್ರ ಬ್ಯಾಡ ಅಂದಳು. ಆಂಟಿಗಿ ಕೆಲಸ ಅದ, ಬ್ಯಾಡ ಅಂದಳು."

ಇದು ಎರಡನೇ ಹುಡುಗಿ. ಮೊದಲನೇ ಸಲ ಕಾರ್ಡ್ ಕೊಟ್ಟಿದ್ದೆ. ಈ ಸಲ ಕೊಡೋ ತ್ರಾಸೂ ತಗೊಳ್ಳಲಿಲ್ಲ, ಸುಮ್ನ ನಿಂತೆ.


ಅಕ್ಟೋಬರ್ 18, ಮಂಗಳವಾರ. ಮುಂಜಾನೆ 9

ನಿನ್ನೆ ಮಳಿ ಅಂದ್ರ ಮಳಿ. ಪಾರ್ಕಿಂಗಿನ್ಯಾಗ ಮೊಣಕಾಲುದ್ದ ನೀರು, ಲಿಫ್ಟ್ ಬಂದ್. ಕಾಲೇಜಿಗೆ ಸೂಟಿ. ಇವರಿಗೆ ಇವತ್ತ ಹಿಂಜವಡಿ ಆಫೀಸಿಗೆ ಹೋಗಿ ಎಚ್.ಆರ್. ಮುಂದ ಕೂಡೂದಿತ್ತು, ಅದೂ ನಾಳೆಗೆ ಹೋತು. ಇಬ್ಬರೂ ಮನ್ಯಾಗ. ಇವರು ವಿವರಣಾ ಬರೀಲಿಕ್ಕತ್ತಿದ್ರು. "ನಮ್ಮ ಪೇಯಿಂಗ್ ಗೆಸ್ಟ್, ವಿದೇಶಿ ವಿದ್ಯಾರ್ಥಿನಿ..." ಅಂತ ಬರದು, ಆಕಿ ಹೆಸರಿನ ಸ್ಪೆಲ್ಲಿಂಗ್ ಕೇಳಿದ್ರು.

"ಆಕಿ ಹೆಸರು ಬರೀಬ್ಯಾಡ್ರಿ" ಅಂದೆ.

"ಯಾಕ?"

"ನಾ ಮಾಡಿದ್ದು."

ಇವರಿಗೆ ತಿಳೀಲಿಲ್ಲ. ಹೊಲಿಗಿ ಮಶೀನಿನ ಹಿಂದಿನ ಲ್ಯಾಪ್‌ಟಾಪ್ ತಂದು ಮುಂದ ಇಟ್ಟೆ. ದೇವಾನಂದನ ಹಾಳಿನೂ. ಎಲ್ಲಾ ಹೇಳಿದೆ. ಎಕ್ಸ್‌ಟೆನ್ಶನ್, ಸಂಖ್ಯಾ, ಬಿಟ್ಟ ಸಾಲು, ವಿಮಾನ ಬಂದಾಗ ಬಾಯಿ ಮುಚ್ಚಿದ್ದು.

ಇವರು ಹಾಳಿ ಓದಿದ್ರು. ಪೂರ್ತಿ. ಇವರ ಸ್ವಭಾವ.

"ಇದು ಕಾನೂನಿಗೆ ವಿರೋಧ ಏನು?"

"ಅಲ್ಲಂತ ದೇವಾನಂದ ಅಂದ. ನಾನೂ ಓದೀನಿ. ಆದ್ರ ನಿಮ್ಮ ಆಫೀಸಿನ ಲೈನು."

"ಹೂಂ. ನನ್ನ ಆಫೀಸಿನ ಲೈನು." ಹಾಳಿ ಮಡಚಿದ್ರು. "ನೌಕರಿದು ಬಿಡು. ಹೋದ್ರ ಹೋಗ್ತದ, ಬೈಸಿಕೋತೀನಿ. ಆ ಕೂಸಿಗೆ ನಾ ಏನಂದೆ ಗೊತ್ತದೇನು ನಿನಗ? ಖರೇ ಹೇಳು ಅಂದೆ. ಖರೇ ಹೇಳು ಅಂತ ನಾ ಆಕಿಗೆ ಅಂದೆ, ಭುವನಾ. ನೀ ಅಲ್ಲೇ ಚಹಾದ ತಾಟು ಹಿಡಕೊಂಡು ನಿಂತಿದ್ದಿ."

ಎದ್ದು ಖೋಲಿಗೆ ಹೋದ್ರು. ಪ್ರಾಚಿ ಖೋಲಿ. ಪರಸ್ತೂನ ಖೋಲಿ. ಬಾಗಿಲು ಹಾಕಲಿಲ್ಲ. ಅರ್ಧಾ ತಾಸು ಖಾಲಿ ಮಂಚದ ಮ್ಯಾಲೆ ಕೂತಿದ್ರು.


ಅಕ್ಟೋಬರ್ 20, ಗುರುವಾರ

ನಿನ್ನೆ ಎಚ್.ಆರ್. ಮುಂದ ಇವರು ಹೇಳಿದ್ದು ಇಷ್ಟ: "ನನ್ನ ಮನಿಯೊಳಗ ನಡದದ್ದು, ಜವಾಬ್ದಾರಿ ನನ್ನದು." ನನ್ನ ಹೆಸರೂ ಹೇಳಲಿಲ್ಲ, ಆಕಿ ಹೆಸರೂ ಹೇಳಲಿಲ್ಲ. ನೌಕರಿ ಉಳೀತು. ಲಿಖಿತ ಎಚ್ಚರಿಕಿ. ಮನ್ಯಾಗ ಕೂತು ಮಾಡೋ ಸವಲತ್ತು ಹೋತು. ಇನ್ನ ದಿನಾ ಹಿಂಜವಡಿ. ಇಲ್ಲಿಂದ ಹೋಗ್ಲಿಕ್ಕೆ ಎರಡು ತಾಸು, ಬರ್ಲಿಕ್ಕೆ ಎರಡು. ಐವತ್ತೊಂದನೇ ವಯಸ್ಸಿಗೆ, ಬೆನ್ನು ನೋವು ಇಟಗೊಂಡು.

ಮುಂಜಾನೆ ಆರೂವರಿಗೆ ಡಬ್ಬಿ ಕಟ್ಟಿಕೊಟ್ಟೆ. ತಗೊಂಡ್ರು. ಚೀಲದಾಗ ಇಟ್ಟು ಹೊಂಟ್ರು.

ಈಗ ಬೇಕಾದಾಗ ಮಿಕ್ಸರ್ ಹಚ್ಚಬಹುದು. ಹಚ್ಚಲಿಲ್ಲ.


ಅಕ್ಟೋಬರ್ 22, ಶನಿವಾರ

ಕೋಂಢ್ವಾಕ್ಕ ಹೋದೆ. "ನೀವೂ ಬರ್ರಿ" ಅಂದೆ ಇವರಿಗೆ. "ಯಾವ ಮುಖಾ ತಗೊಂಡು" ಅಂದ್ರು. ನನ್ನ ಕಡೆ ಇದ್ದದ್ದು ಯಾವ ಮುಖಾ, ಆದ್ರೂ ತಗೊಂಡು ಹೋದೆ.

ಮೂರನೇ ಮಜಲಿ. ಒಂದು ಖೋಲಿ, ನಾಕು ಹುಡುಗ್ಯಾರು. ಪರಸ್ತೂನ ಹಾಸಿಗಿ ಕಿಟಕಿ ಕೆಳಗ, ನೆಲದ ಮ್ಯಾಲೆ. ನನ್ನ ನೋಡಿ ಎದ್ದು ನಿಂತ್ಲು. ತಬ್ಬಿಕೊಳ್ಳಲಿಲ್ಲ, ದೂರನೂ ಸರೀಲಿಲ್ಲ. ಚಹಾ ಮಾಡಿದ್ಲು, ಅವರ ನಮೂನಿ, ಹಾಲಿಲ್ಲದ್ದು.

ಮೊದಲ ಮಾನಾನ ಸುದ್ದಿ ಕೇಳಿದೆ.

"ಸಿಕ್ಕಳು. ಒಂಬತ್ತು ದಿನ ಒಳಗಿಟ್ಟಿದ್ದರು. ಕೈ ಮುರಿದಿದೆ. ಮನೆಗೆ ಬಂದಿದ್ದಾಳೆ. ಪಕ್ಕದ ಮನೆಯ ಹಳೇ ಲ್ಯಾಂಡ್‌ಲೈನಿಂದ ಅಮ್ಮ ಫೋನ್ ಮಾಡಿದ್ದಳು."

ಲ್ಯಾಂಡ್‌ಲೈನಿಂದ. ನನ್ನ ಸಂಖ್ಯಾ, ನನ್ನ ತಳಮಳ, ಅದರಾಗ ಎಲ್ಲೂ ಮಾನಾ ಇರಲಿಲ್ಲ. ಇರಲಿ. ಜೀವಂತ ಅದಾಳ. ಕಣ್ಣು ಒರಸಿಕೊಂಡೆ.

ಆಮ್ಯಾಲೆ ಹೇಳಿದೆ. ಅಂಕಲ್‌ಗ ಖರೇ ಹೇಳೀನಿ, ತಪ್ಪು ನಂದು ಅಂತ. ಕ್ಷಮಾ ಮಾಡು ಅಂದೆ.

"ನನಗೆ ಗೊತ್ತಿತ್ತು ಆಂಟಿ."

"ಏನು?"

"ದಸರೆಯ ಮರುದಿನ. ಸೂಜಿ ದಾರ ಬೇಕಿತ್ತು, ನೀವಿರಲಿಲ್ಲ. ಹೊಲಿಗೆ ಮೆಷಿನ್ ಹತ್ತಿರ ಹೋದೆ. ಬಟ್ಟೆಯ ಕೆಳಗೆ ಬೆಚ್ಚಗಿತ್ತು. ತೆಗೆದು ನೋಡಿದೆ. ನಮ್ಮ ದೇಶದಲ್ಲಿ ಅದು ಏನು ಅಂತ ಸ್ಕೂಲ್ ಮಕ್ಕಳಿಗೂ ಗೊತ್ತು."

"ಮತ್ತ ಯಾಕ ಹೌದಂದಿ ಅಂಕಲ್ ಮುಂದ?"

ಕಪ್ಪಿನ ಅಂಚು ಬೆರಳಿನಿಂದ ತಿಕ್ಕಿಕೋತ ಕೂತ್ಲು.

"ನೀವು ಅಂತ ಗೊತ್ತಾದರೆ ಅಂಕಲ್ ನಿಲ್ಲಿಸಿಬಿಡುತ್ತಾರೆ. ನಾನು ಅಂದರೆ ನಾನು ಹೋದರಾಯಿತು. ಅಂಕಲ್‌ಗೆ ಆಫೀಸಿನವರು ಬೇರೆ ನಂಬರ್ ಕೊಡಿಸುತ್ತಾರೆ, ನೀವು ಇನ್ನು ಹುಷಾರಾಗಿ ನಡೆಸುತ್ತೀರಿ ಅಂದುಕೊಂಡೆ. ಒಂದು ಖೋಲಿ ತಾನೇ, ಎಲ್ಲಾದರೂ ಸಿಗುತ್ತದೆ. ಆ ದಾರಿ ಸಿಗುವುದು ಕಷ್ಟ." ತಲಿ ಎತ್ತಿದ್ಲು. "ಈಗಲೂ ನಡೆಯುತ್ತಿದೆ, ಅಲ್ಲವಾ?"

ಸುಳ್ಳು ಹೇಳಬಹುದಿತ್ತು. ಹೂಂ ಅಂದ್ರ ಆತು. ದೇವಾನಂದನ ಮುಂದ ಅಂದಿದ್ನಲ್ಲ, ಅಂಥಾದ ಒಂದು ಹೂಂ.

"ಇಲ್ಲ" ಅಂದೆ. "ನೀ ಹೌದನ್ನೂದಕ್ಕಿಂತ ಒಂದಿನ ಮೊದಲ ಬಂದ್ ಮಾಡಿದ್ದೆ. ಅಂಜಿಕಿ ಬಂದು."

ಕಿಟಕಿಯಾಚೆ ಯಾರೋ ಗಾದಿ ಝಾಡಿಸ್ಲಿಕ್ಕತ್ತಿದ್ರು, ಆ ಸಪ್ಪಳ ಅಷ್ಟ. ಆಕಿ ನನ್ನ ಖಾಲಿ ಕಪ್ಪು ತಗೊಂಡು ಎದ್ಲು. ತೊಳದು ಇಟ್ಲು. ಬಾಗಿಲ ತನಾ ಬಂದ್ಲು.

"ವಾಪಸ್ ಬಾ" ಅಂದೆ.

"ಇಲ್ಲ ಆಂಟಿ. ಇಲ್ಲಿ ನಮ್ಮ ಭಾಷೆ ಇದೆ."

ಅದು ಖರೇನ. ಆದ್ರ ಅದಷ್ಟ ಅಲ್ಲ.


ಅಕ್ಟೋಬರ್ 25, ಮಂಗಳವಾರ

ದೀಪಾವಳಿ ನಿನ್ನೆ ಆತು. ಪ್ರಾಚಿ ಬಂದಾಳ, ತನ್ನ ಖೋಲ್ಯಾಗ ಮಲಗ್ಯಾಳ. ಪರಸ್ತೂ ಎಲ್ಲಿ ಅಂದ್ಲು. ಹೇಳಿದೆ, ಎಲ್ಲಾ. ನಾ ಮುಗಿಸೂತನಾ ಚಕ್ಕಲಿ ಮುಟ್ಟಲಿಲ್ಲ. "ಆಯೀ, ನೀನು?" ಅಂದ್ಲು, ಅಷ್ಟ. ಇಲ್ಲೇ ಹುಟ್ಟಿ ಬೆಳದಾಕಿ, ಮನಸ್ಸಿಗೆ ಹತ್ತಿದಾಗ ಅವ್ವ ಅನ್ನೂದು ಮರತು ಮರಾಠಿಲೆ ಆಯೀ ಅಂತಾಳ.

ಇವರು ಐದು ದಿನದ ಮ್ಯಾಲೆ ಒಂದು ಪೂರ್ತಿ ವಾಕ್ಯ ಮಾತಾಡಿದ್ರು. ಊಟದಾಗ.

"ನಿನ್ನ ಪಗಾರ, ನಿನ್ನ ಹೆಸರು — ಬ್ಯಾರೆ ಲೈನ್ ತಗೋ. ನನ್ನ ಲೈನಿಗೆ ಅದರ ಗಾಳಿ ತಾಗಬಾರದು."

ತಾಟಿನಿಂದ ತಲಿ ಎತ್ತಿ ನೋಡಿದೆ. ಇವರು ಸಾರು ಕಲಸಿಕೋತ ಇದ್ರು.

"ಮತ್ತ ದೇವಾನಂದಗ ಮನಿಗೇ ಬಾ ಅಂತ ಹೇಳು. ಸಾಲು ಓದೋ ಕೆಲಸ ನಾ ಮಾಡತೀನಿ. ನಿನ್ನ ಕಣ್ಣಿನ ಮ್ಯಾಲೆ ನನಗ ಭರೋಸಾ ಇಲ್ಲ."


ನವೆಂಬರ್ 1, ಮಂಗಳವಾರ. ಸಂಜಿ

ಲೈನ್ ಬಂತು. ಫಾರಂ ಮ್ಯಾಲೆ ಭುವನೇಶ್ವರಿ ಅಂತ ಪೂರ್ತಿ ಹೆಸರು, ನನ್ನ ಸಹಿ. ಲೈನಿನ ಹುಡುಗ "ಏಕಾ ಘರಾಲಾ ದೋನ್ ಕಶಾಲಾ, ಕಾಕೂ" ಅಂದ, ಒಂದು ಮನಿಗೆ ಎರಡು ಯಾಕ ಅಂತ. ಪಾಹಿಜೆ, ಬೇಕು ಅಂದೆ.

ದೇವಾನಂದ ಬಂದಿದ್ದ. ಇವರು ಹಾಳಿ ಹಿಡಕೊಂಡು ಒಂದೊಂದ ಸಾಲು ಓದಿದ್ರು, ನಾ ಹೊಡದೆ. ಕಡೀ ಸಾಲು ಬಂದಾಗ ಎರಡು ಸಲ ಓದಿದ್ರು. ದೇವಾನಂದ ಚಹಾ ಕುಡಕೋತ ನೆಲಾ ನೋಡಿದ.

ಹಳೇ ಲ್ಯಾಪ್‌ಟಾಪ್ ಈಗ ಹೊಲಿಗಿ ಮಶೀನಿನ ಹಿಂದ ಅಲ್ಲ. ಟೀವಿ ಕೆಳಗ, ಎಲ್ಲರಿಗೂ ಕಾಣೋ ಹಂಗ. ತಿಪ್ಪವ್ವ ದಿನಾ ಧೂಳು ಒರಸಬೇಕು.

ಪರಸ್ತೂಗ ಮೆಸೇಜ್ ಹಾಕಿದೆ. "ನಡೀಲಿಕ್ಕತ್ತದ." ಅಷ್ಟ. ಎರಡು ಟಿಕ್ ಬಿತ್ತು. ನೀಲಿ ಆತು. ಉತ್ತರ ಇಲ್ಲ.


ನವೆಂಬರ್ 4, ಶುಕ್ರವಾರ

ಉತ್ತರ ಬಂತು, ಮೂರು ದಿನಕ್ಕ. ನನಗಲ್ಲ, ಇವರಿಗೆ. ಇವರೇ ಆಕಿಗೆ ಏನೋ ಬರದಿದ್ರಂತ, ಹಿಂಜವಡಿ ಬಸ್ಸಿನ್ಯಾಗ ಕೂತು. ಏನು ಬರದ್ರಿ ಅಂದೆ. ತೋರಸಲಿಲ್ಲ. ನಾನೂ ಮತ್ತ ಕೇಳಲಿಲ್ಲ.

ಭಾನುವಾರ ಊಟಕ್ಕ ಬರ್ತಾಳಂತ.


ನವೆಂಬರ್ 6, ಭಾನುವಾರ. ಹನ್ನೆರಡೂವರಿ

ಬದನಿಕಾಯಿ ಎಣಗಾಯಿ, ರೊಟ್ಟಿ, ಮಸರು. ಖಾರ ಕಡಿಮಿ ಮಾಡಲಿಲ್ಲ. ಪ್ರಾಚಿ ಫೋನಿನ್ಯಾಗ "ಬಂದ್ಲೇನು, ಬಂದ್ಲೇನು" ಅಂತ ಮೂರು ಸಲ.

ಇವರು ಹನ್ನೊಂದಕ್ಕನ ಕೆಳಗ ಇಳದಾರ. ಪೇಪರ್ ತರತೀನಿ ಅಂತ. ಪೇಪರ್ ಮನ್ಯಾಗೇ ಅದ. ಗ್ಯಾಲರ್‍ಯಾಗ ಕೂತು ಬರೀಲಿಕ್ಕತ್ತೀನಿ, ಇಲ್ಲಿಂದ ಗೇಟು ಕಾಣ್ತದ. ಇಸ್ತ್ರಿ ಅಂಗಿ, ಇಸ್ತ್ರಿ ಪ್ಯಾಂಟು. ವಾಚ್‌ಮನ್‌ನ ಜೋಡಿ ಮಾತಾಡತಾರ, ನಡು ನಡುವ ರಸ್ತೆ ನೋಡತಾರ. ಕೈ ಎಲ್ಲಿ ಇಡಬೇಕು ತಿಳೀವಲ್ದು ಅವರಿಗೆ.

ನಾ ಆಕಿಗೆ ಏನು ಅನ್ನಲಿ. ಬಾ ಅನ್ನೂದಷ್ಟ. ಇನ್ನೇನೂ ತಯಾರಿ ಮಾಡಬಾರದು.

ಆಟೋ ಬಂತು. ಆಕಿನ. ಹಸಿರು ಓಡನಿ. ಇಳದ್ಲು. ಇವರು ಎರಡು ಹೆಜ್ಜಿ ಮುಂದ ಹೋಗಿ ನಿಂತ್ರು. ಏನೋ ಅನ್ನಲಿಕ್ಕತ್ತಾರ. ಇಷ್ಟೆತ್ತರಕ್ಕ ಏನೂ ಕೇಳಸಂಗಿಲ್ಲ. ತಲಿ ಬಗ್ಗಿಸ್ಯಾರ. ಆಕಿ ಅಲ್ಲಾಡದ ನಿಂತಾಳ. ಇವರು ಇನ್ನೂ ಹೇಳಲಿಕ್ಕತ್ತಾರ. ಈಗ ಆಕಿ ಕೈಯಾಗಿನ ಚೀಲ ಇವರ ಕೈಗೆ ಕೊಟ್ಟು, ಇವರ ಜೋಡಿ ಒಳಗ ಬರ್ಲಿಕ್ಕತ್ತಾಳ. ಬಾಗಿಲು ತಗೀಬೇಕು, ಬರದದ್ದು ಸಾಕು.